ನೆರಳಿಗೆ ಎರಡು ಹೆಸರು

ಮಗನ ಇಂಗ್ಲಿಷ್ ಟೆಸ್ಟ್ ಪೇಪರ್ ಮನೆಗೆ ಬಂತು. ಇಪ್ಪತ್ತಕ್ಕೆ ಹತ್ತೊಂಬತ್ತೂವರೆ. ಹತ್ತೊಂಬತ್ತೂವರೆ ಬಂದ ಖುಷಿ ಅವನಿಗಿಲ್ಲ, ಹೋದ ಅರ್ಧ ಮಾರ್ಕಿನ ಸಂಕಟ ಮಾತ್ರ ಬೇಕಾದಷ್ಟಿತ್ತು. ಪೇಪರಿನಲ್ಲಿ ಒಂದು ಚಿತ್ರ: ಒಂದು ಮರ, ಬುಡದಲ್ಲಿ ಕೂತ ಹುಡುಗ. ಹುಡುಗ ಮರದ ಏನಿನಲ್ಲಿ ಕೂತಿದ್ದಾನೆ, ಶೇಡ್‌ನಲ್ಲೋ ಶ್ಯಾಡೋನಲ್ಲೋ? ಇವನು ಶ್ಯಾಡೋ ಎಂದು ಬರೆದಿದ್ದ. ಅದರ ಮೇಲೆ ಕೆಂಪು ಗೀಟು.

“ಅಮ್ಮ, ಎರಡೂ ನೆರಳೇ ತಾನೆ?”

“ಹೌದಪ್ಪ, ಕನ್ನಡದಲ್ಲಿ ಎರಡೂ ನೆರಳೇ.”

“ಮತ್ತೆ?”

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ಹೊಟ್ಟೆ ಹೊರೆಯುವವಳು ನಾನು. ಯಂತ್ರಗಳ ಕೈಪಿಡಿ, ಔಷಧಿ ಡಬ್ಬಿಯೊಳಗಿನ ಮಡಿಸಿದ ಚೀಟಿ, ವಿಜ್ಞಾನದ ಲೇಖನ, ಯಾರೂ ಓದದೆ ಒಪ್ಪಿಗೆ ಒತ್ತುವ ಷರತ್ತುಗಳು, ಏನು ಕೊಟ್ಟರೂ ಮಾಡುತ್ತೇನೆ. ಶೇಡ್ ಬಂದರೂ ಶ್ಯಾಡೋ ಬಂದರೂ ‘ನೆರಳು’ ಎಂದು ಕುಟ್ಟಿ ಮುಂದಿನ ಸಾಲಿಗೆ ಹೋಗಿದ್ದೇನೆ. ಇಷ್ಟು ವರ್ಷ ಯಾರೂ ‘ಮತ್ತೆ?’ ಎಂದು ಕೇಳಿರಲಿಲ್ಲ.

ನನಗೆ ತೋಚಿದ್ದನ್ನು ಹೇಳಿದೆ. ಶ್ಯಾಡೋಗೆ ಆಕಾರವಿದೆ, ನೆಲದ ಮೇಲೋ ಗೋಡೆಯ ಮೇಲೋ ಬೀಳುತ್ತದೆ, ಅಂಚು ಕಾಣುತ್ತದೆ. ಶೇಡ್ ಬಿಸಿಲಿಲ್ಲದ ಜಾಗ. ಅಲ್ಲಿ ಹೋಗಿ ಕೂರಬಹುದು, ಅದಕ್ಕೆ ತಂಪು ಇದೆ, ಮೂಗು ಕಿವಿ ಇಲ್ಲ. ನಿನ್ನ ಹಿಂದೆ ಹಿಂದೆ ಬರುವುದು ಶ್ಯಾಡೋ, ನೀನು ಹುಡುಕಿಕೊಂಡು ಹೋಗುವುದು ಶೇಡ್.

ಅವನು ಪೇಪರನ್ನು ನನ್ನ ಮೂಗಿನ ಹತ್ತಿರ ತಂದ. “ನೋಡು, ಇಲ್ಲಿ ಗೆರೆ ಎಳೆದಿದ್ದಾರೆ. ಮರದ್ದೇ ಶೇಪ್ ಇದೆ. ಅದಕ್ಕೇ ಶ್ಯಾಡೋ ಅಂತ ಬರೆದೆ.”

ನಿಜ. ಚಿತ್ರ ಬರೆದವರು ನೆಲದ ಮೇಲೆ ಕಪ್ಪು ಅಂಚು ಕಟ್ಟಿ, ಕೊಂಬೆ ಸಮೇತ ಇನ್ನೊಂದು ಮರವನ್ನೇ ಮಲಗಿಸಿದ್ದರು. ಹುಡುಗ ಕೂತದ್ದು ಸರಿಯಾಗಿ ಅದರ ಮೇಲೆ. ಇಂಗ್ಲಿಷಿನಲ್ಲೂ ಮರದ ಶ್ಯಾಡೋನಲ್ಲಿ ಕೂತ ಎಂದರೆ ತಪ್ಪೇನಲ್ಲ, ನೋಡುವವನ ಕಣ್ಣು ತಂಪಿನ ಮೇಲಿದೆಯೋ ಗೆರೆಯ ಮೇಲಿದೆಯೋ ಅನ್ನುವುದಷ್ಟೇ ಪ್ರಶ್ನೆ. ಶಾಲೆಗೆ ಹೋಗಿ ಅರ್ಧ ಮಾರ್ಕಿಗೆ ಜಗಳ ಆಡುವ ಜಾತಿಯವಳು ನಾನಲ್ಲ. ಆದರೆ ಅವತ್ತು ರಾತ್ರಿ ಕೆಲಸ ಬಿಟ್ಟು ನಿಘಂಟು ತೆರೆದುಕೊಂಡು ಕೂತೆ.

ಅಲ್ಲಿ ಸಿಕ್ಕಿದ್ದು ಇದು. ಹಳೆಯ ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ ಪದ. ಅದರ ಪ್ರಥಮಾ ವಿಭಕ್ತಿಯ ರೂಪ ಸವೆದು ಶೇಡ್ ಆಯಿತು, ಉಳಿದ ವಿಭಕ್ತಿಗಳ ರೂಪ ಸವೆದು ಶ್ಯಾಡೋ ಆಯಿತು. ನಮ್ಮ ‘ಮರ’ ಮತ್ತು ‘ಮರದ’ ಎರಡನ್ನೂ ಜನ ಬೇರೆ ಬೇರೆ ಪದಗಳೆಂದು ತಿಳಿದು, ಒಂದಕ್ಕೊಂದು ಅರ್ಥ, ಇನ್ನೊಂದಕ್ಕಿನ್ನೊಂದು ಅರ್ಥ ಹಂಚಿಬಿಟ್ಟರೆ ಹೇಗಿರುತ್ತದೆ, ಹಾಗೆ. ಹುಲ್ಲುಗಾವಲಿಗೆ ಇಂಗ್ಲಿಷಿನಲ್ಲಿರುವ ಮೀಡ್, ಮೆಡೋ ಕೂಡ ಇದೇ ತರಹದ ಅಣ್ಣತಮ್ಮ. ಅಂದರೆ ನನ್ನ ಮಗ ಮಾಡಿದ ತಪ್ಪು ಇಂಗ್ಲಿಷಿನ ಹಳೆಯ ಸರಿ.

ಅಂದಿನಿಂದ ಇಂಥ ಜೋಡಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ.

ಕಾಗುಣಿತದ ಗೊಂದಲಗಳು ಅದರಲ್ಲಿಲ್ಲ. ಅಫೆಕ್ಟ್, ಎಫೆಕ್ಟ್ ಬಗ್ಗೆ ಬರೆಯದವರೇ ಇಲ್ಲ. ಅದೂ ಅಲ್ಲದೆ ಕನ್ನಡ ಲಿಪಿಯಲ್ಲಿ ಬರೆಯುವ ನನಗೆ ಅದರಲ್ಲೊಂದು ಪೇಚಿದೆ. ಶಾಲೆಯ ಮುಖ್ಯಸ್ಥರೂ ಪ್ರಿನ್ಸಿಪಲ್, ಬಾಳಿನ ತತ್ವವೂ ಪ್ರಿನ್ಸಿಪಲ್. ಹೊಗಳಿಕೆಯೂ ಕಾಂಪ್ಲಿಮೆಂಟ್, ಪೂರಕವಾದದ್ದೂ ಕಾಂಪ್ಲಿಮೆಂಟ್. ನಮ್ಮ ಲಿಪಿ ಕಿವಿಯ ಮಾತು ಕೇಳುತ್ತದೆ, ಅವರ ಲಿಪಿ ವಂಶಾವಳಿಯ ಮಾತು ಕೇಳುತ್ತದೆ. ಒಂದನ್ನು ಮಾತ್ರ ಬಿಡಲಾಗದೆ ಬರೆದುಕೊಂಡೆ, ಸ್ಟೇಷನರಿ. ನಿಂತಲ್ಲೇ ನಿಂತದ್ದಕ್ಕೂ ಪೆನ್ನು ಕಾಗದಕ್ಕೂ ಏನು ಸಂಬಂಧ? ಮಧ್ಯಯುಗದ ಯುರೋಪಿನಲ್ಲಿ ಬಹುಪಾಲು ವ್ಯಾಪಾರಿಗಳು ಹೊತ್ತು ತಿರುಗಿ ಮಾರುತ್ತಿದ್ದರು. ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುವವನು ಸ್ಟೇಷನರ್. ಅವನು ಮಾರಿದ ಸಾಮಾನು ಸ್ಟೇಷನರಿ. ಇಷ್ಟು ಗೊತ್ತಾದ ಮೇಲೆ ನನಗೆ ಆ ಎರಡರ ಸ್ಪೆಲ್ಲಿಂಗ್ ಇನ್ನೂ ಹೆಚ್ಚು ಕಲಸಿಕೊಳ್ಳುತ್ತಿದೆ, ಅದು ಬೇರೆ ಮಾತು.

ನನ್ನ ನೋಟ್‌ಬುಕ್ಕಿನ ಜೋಡಿಗಳು ಕನ್ನಡದ ಒಂದೇ ಪದದೊಳಗೆ ಜಗಳವಿಲ್ಲದೆ ಬದುಕಿರುವಂಥವು. ‘ಕಂಡುಹಿಡಿ’ ತೆಗೆದುಕೊಳ್ಳಿ. ಗ್ರಹಾಂ ಬೆಲ್ ಟೆಲಿಫೋನ್ ಕಂಡುಹಿಡಿದ. ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದ. ಮಕ್ಕಳ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಇವೆರಡೂ ಒಂದರ ಕೆಳಗೊಂದು ಬರುತ್ತವೆ. ಇಂಗ್ಲಿಷಿನಲ್ಲಿ ಮೊದಲನೆಯದು ಇನ್ವೆಂಟ್, ಎರಡನೆಯದು ಡಿಸ್ಕವರ್. ಬೆಲ್ ಮಾಡಿದ್ದು ಅಲ್ಲಿಯವರೆಗೆ ಲೋಕದಲ್ಲಿ ಇಲ್ಲದ್ದು. 1876ರ ಮಾರ್ಚ್‌ನಲ್ಲಿ ಅದಕ್ಕೆ ಪೇಟೆಂಟ್ ಪಡೆದ. ರಾಂಟ್ಜನ್ 1895ರ ನವೆಂಬರಿನಲ್ಲಿ ಕಪ್ಪು ಕಾಗದ ಹೊದಿಸಿದ ಕೊಳವೆಗೆ ವಿದ್ಯುತ್ ಹಾಯಿಸಿದಾಗ, ಸ್ವಲ್ಪ ದೂರದಲ್ಲಿದ್ದ ರಾಸಾಯನಿಕ ಬಳಿದ ಪರದೆ ಕತ್ತಲಲ್ಲಿ ಮಿನುಗಿತು. ಆ ಕಿರಣ ಅವನು ಹುಟ್ಟುವ ಮೊದಲೂ ಇತ್ತು, ಅವನು ಕಂಡ, ಹಿಡಿದ. ನೋಡಿ, ನಮ್ಮ ಪದ ನಿಜವಾಗಿ ಒಪ್ಪುವುದು ರಾಂಟ್ಜನ್‌ಗೇ: ಕಂಡು, ಹಿಡಿ. ಬೆಲ್‌ಗೆ ‘ರೂಪಿಸಿದ’ ಎಂದೋ ‘ಆವಿಷ್ಕರಿಸಿದ’ ಎಂದೋ ಹೇಳಬೇಕು. ಆದರೆ ‘ಟೆಲಿಫೋನ್ ಆವಿಷ್ಕರಿಸಿದ’ ಎಂದು ಮಾತಿನಲ್ಲಿ ಯಾರೂ ಅನ್ನುವುದಿಲ್ಲ, ಬರೆದರೆ ಭಾಷಣದ ವಾಸನೆ ಬರುತ್ತದೆ. ನಾನು ಎಷ್ಟೋ ಸಲ ಬರೆದು ಅಳಿಸಿ ‘ಕಂಡುಹಿಡಿದ’ಕ್ಕೇ ವಾಪಸ್ ಬಂದಿದ್ದೇನೆ.

ಈ ವ್ಯತ್ಯಾಸ ಕೂದಲು ಸೀಳುವ ಪಂಡಿತರ ಕೆಲಸ ಅಂದುಕೊಂಡಿದ್ದವಳಿಗೆ ಒಂದು ಪೇಟೆಂಟ್ ಲೇಖನ ಕಣ್ಣು ತೆರೆಸಿತು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವ ರೂಪಾಂತರಗಳು ಕಾಣುವ ಎರಡು ಜೀನ್‌ಗಳಿವೆ, ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2. ಮಿರಿಯಡ್ ಜೆನೆಟಿಕ್ಸ್ ಎಂಬ ಕಂಪನಿ ಅವುಗಳ ಮೇಲೆ ಪೇಟೆಂಟ್ ಹಿಡಿದಿತ್ತು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ದೇಹದಲ್ಲಿ ಸಹಜವಾಗಿರುವ ಡಿಎನ್‌ಎಯನ್ನು ಬೇರ್ಪಡಿಸಿ ತೆಗೆದ ಮಾತ್ರಕ್ಕೆ ಅದು ಪೇಟೆಂಟ್‌ಗೆ ಅರ್ಹವಾಗುವುದಿಲ್ಲ ಎಂದಿತು. ಪ್ರಯೋಗಾಲಯದಲ್ಲಿ ತಯಾರಿಸುವ, ನಿಸರ್ಗದಲ್ಲಿ ಹಾಗೆಯೇ ಸಿಗದ ಸಿಡಿಎನ್‌ಎ ಮಾತ್ರ ಅರ್ಹ. ಇಡೀ ಮೊಕದ್ದಮೆ ನಿಂತದ್ದು ಕಂಡದ್ದೋ ಮಾಡಿದ್ದೋ ಎಂಬ ಮಾತಿನ ಮೇಲೆ. ನಾನು ಎರಡು ಕಡೆಯೂ ‘ಕಂಡುಹಿಡಿ’ ಹಾಕಿ ಕಳಿಸಿದ್ದರೆ ಓದುಗರಿಗೆ ತೀರ್ಪಿನ ತಲೆಬುಡ ತಿಳಿಯುತ್ತಿರಲಿಲ್ಲ. ಕೊನೆಗೆ ‘ಇದ್ದದ್ದನ್ನು ಕಂಡದ್ದು’, ‘ಇಲ್ಲದ್ದನ್ನು ಮಾಡಿದ್ದು’ ಎಂದು ಬಿಡಿಸಿ ಬರೆದೆ. ಪದ ಎರಡು ಹೆಚ್ಚಾಯಿತು, ಹೋಗಲಿ.

ಇಲ್ಲೂ ಅದೇ ತಮಾಷೆ ಕಾದಿತ್ತು. ಇನ್ವೆಂಟ್‌ನ ಲ್ಯಾಟಿನ್ ಬೇರಿಗೆ ಇದ್ದ ಅರ್ಥ ‘ಎದುರಾಗು, ಸಿಗು’. ಕ್ರೈಸ್ತರ ಹಳೆಯ ಪಂಚಾಂಗದಲ್ಲಿ ಮೇ 3ರ ಹಬ್ಬದ ಹೆಸರು ‘ಶಿಲುಬೆಯ ಇನ್ವೆನ್ಷನ್’. ಶಿಲುಬೆಯನ್ನು ಯಾರೋ ತಯಾರಿಸಿದರು ಎಂದಲ್ಲ, ಕಳೆದುಹೋಗಿದ್ದ ಶಿಲುಬೆ ಸಿಕ್ಕಿತು ಎಂದು. ಅಂದರೆ ಒಂದು ಕಾಲಕ್ಕೆ ಅವರೂ ನಮ್ಮ ಹಾಗೇ ಕಂಡುಹಿಡಿಯುತ್ತಿದ್ದರು!

ಈಗ ನನ್ನ ಮಾನ ಹೋದ ಕಥೆ. ಕೆಲಸ ಶುರು ಮಾಡಿದ ಹೊಸತು. ಒಂದು ದ್ರಾವಣದ ಡಬ್ಬಿಗೆ ಅಂಟಿಸುವ ಚೀಟಿ, ಒಟ್ಟು ಹನ್ನೊಂದು ಸಾಲು. ಇಂಗ್ಲಿಷಿನಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದಿತ್ತು. ವಿಸಿಬಲ್ ಕಾಣುವಂಥದ್ದು, ಇನ್‌ವಿಸಿಬಲ್ ಕಾಣದ್ದು. ಫ್ಲೇಮಬಲ್ ಉರಿಯುವಂಥದ್ದು, ಹಾಗಾದರೆ ಇನ್‌ಫ್ಲೇಮಬಲ್? ‘ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವುದಿಲ್ಲ’ ಎಂದು ಧೈರ್ಯವಾಗಿ ಬರೆದು ಕಳಿಸಿದೆ. ಮಾರನೆಯ ದಿನ ಕರಡು ನೋಡುವ ಹಿರಿಯರು ಫೋನ್ ಮಾಡಿದರು.

“ಮೇಡಂ, ಈ ಡಬ್ಬಿ ಪಕ್ಕ ಬೆಂಕಿಕಡ್ಡಿ ಗೀರಿ ನೋಡಿದ್ದೀರಾ?”

“ಇಲ್ಲ ಸರ್, ಯಾಕೆ?”

“ನೋಡಬೇಡಿ.”

ಅಷ್ಟೇ ಹೇಳಿ ನಕ್ಕು ಫೋನಿಟ್ಟರು. ಅಚ್ಚಿಗೆ ಹೋಗುವ ಮೊದಲೇ ತಿದ್ದಿದ್ದರು, ಬದುಕಿದೆ. ಆ ‘ಇನ್’ ಇಲ್ಲ ಎನ್ನುವ ಇನ್ ಅಲ್ಲವಂತೆ, ಒಳಗೆ ಉರಿ ಹೊತ್ತಿಸು ಎನ್ನುವ ಲ್ಯಾಟಿನ್ ಕ್ರಿಯಾಪದದ ಭಾಗ. ಮೈಯಲ್ಲಿ ಉರಿಯೂತಕ್ಕೆ ಇನ್‌ಫ್ಲಮೇಷನ್ ಅನ್ನುವುದೂ ಅದರಿಂದಲೇ. ಎರಡು ಪದಕ್ಕೂ ಅರ್ಥ ಒಂದೇ: ಹೊತ್ತಿಕೊಳ್ಳುತ್ತದೆ, ದೂರ ಇರು. ಎಡವಿದ್ದು ನಾನೊಬ್ಬಳೇ ಅಲ್ಲ ಎಂಬ ಸಮಾಧಾನವೂ ಇದೆ. ಜನ ಹೀಗೆ ತಪ್ಪು ತಿಳಿದುಕೊಳ್ಳಬಹುದು ಎಂದೇ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲಿ ‘ಇನ್’ ಕಿತ್ತುಹಾಕಿ ಬರೀ ಫ್ಲೇಮಬಲ್ ಬಳಸಿ ಎಂದು ಒತ್ತಾಯಿಸಿತು. ಉರಿಯದ್ದಕ್ಕೆ ನಾನ್‌ಫ್ಲೇಮಬಲ್.

ಇನ್‌ವ್ಯಾಲ್ಯುಬಲ್ ಕೂಡ ಇಂಥದ್ದೇ ಹಳ್ಳ. ಬೆಲೆಯಿಲ್ಲದ್ದು ಎಂದು ತಿಳಿದು ಬಿದ್ದವರಿದ್ದಾರೆ. ನಗುವ ಮೊದಲು ನಮ್ಮ ‘ಅಮೂಲ್ಯ’ವನ್ನು ಬಿಡಿಸಿ ನೋಡಿ. ಅ ಎಂದರೆ ಇಲ್ಲ, ಮೂಲ್ಯ ಎಂದರೆ ಬೆಲೆ. ‘ನನ್ನ ಮಾತಿಗೆ ಬೆಲೆಯೇ ಇಲ್ಲ’ ಎಂದು ಮುನಿಸಿಕೊಂಡವರಿಗೆ ‘ನಿಮ್ಮ ಮಾತು ಅಮೂಲ್ಯ’ ಎಂದು ಸಮಾಧಾನ ಹೇಳುತ್ತೇವೆ. ಕನ್ನಡ ಕಲಿಯುತ್ತಿರುವ ಪರಭಾಷೆಯವರು ಇದನ್ನು ಕೇಳಿದರೆ ನಾನು ಡಬ್ಬಿಯ ಮುಂದೆ ನಿಂತ ಹಾಗೇ ನಿಲ್ಲುತ್ತಾರೆ.

ಹವಾಮಾನ ಎನ್ನುವ ಪದದ ಮೇಲೆ ನನಗೆ ನಿಜವಾದ ಸಿಟ್ಟಿದೆ. ವೆದರ್‌ಗೂ ಹವಾಮಾನ, ಕ್ಲೈಮೇಟ್‌ಗೂ ಹವಾಮಾನ. ನಾಳೆಯ ಮಳೆಯದ್ದು ಹವಾಮಾನ ಮುನ್ಸೂಚನೆ, ಭೂಮಿ ಬಿಸಿಯಾಗುತ್ತಿರುವುದು ಹವಾಮಾನ ಬದಲಾವಣೆ. ಶಾಲೆಯ ಭೂಗೋಳದಲ್ಲಿ ಕ್ಲೈಮೇಟ್‌ಗೆ ‘ವಾಯುಗುಣ’ ಎಂಬ ಚೆಂದದ ಪದ ಓದಿದ್ದೇವೆ, ಪರೀಕ್ಷೆ ಮುಗಿದ ಮೇಲೆ ಅದು ಪುಸ್ತಕದಲ್ಲೇ ಉಳಿಯಿತು. ಇದರಿಂದ ಏನಾಗುತ್ತದೆ ಎಂದರೆ, “ನಾಳೆ ಮಳೆ ಬರುತ್ತೋ ಇಲ್ವೋ ಸರಿಯಾಗಿ ಹೇಳೋಕಾಗದವರು ಐವತ್ತು ವರ್ಷ ಆದಮೇಲಿನ ಹವಾಮಾನ ಹೇಳ್ತಾರಂತೆ” ಎಂಬ ಕುಹಕ ಕನ್ನಡದಲ್ಲಿ ತುಂಬ ಸಲೀಸಾಗಿ ಹೊರಡುತ್ತದೆ. ಪದ ಒಂದೇ ಆಗಿರುವಾಗ ವಾದ ಸರಿಯೆಂದೇ ಕೇಳಿಸುತ್ತದೆ. ವೆದರ್ ಎಂದರೆ ಇವತ್ತು, ಈ ಗಳಿಗೆ ಆಕಾಶದಲ್ಲಿ ನಡೆಯುತ್ತಿರುವುದು. ಕ್ಲೈಮೇಟ್ ಎಂದರೆ ಒಂದು ಜಾಗದ ಬಹುಕಾಲದ ಸ್ವಭಾವ. ಅದನ್ನು ಅಳೆಯಲು ವಿಶ್ವ ಹವಾಮಾನ ಸಂಸ್ಥೆ 30 ವರ್ಷಗಳ ಸರಾಸರಿ ತೆಗೆದುಕೊಳ್ಳುತ್ತದೆ, ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. (ಆ ಸಂಸ್ಥೆಯ ಕನ್ನಡ ಹೆಸರಿನಲ್ಲೂ ಅದೇ ಹವಾಮಾನ, ನೋಡಿ.) ನಾಣ್ಯ ಒಮ್ಮೆ ಚಿಮ್ಮಿದರೆ ಏನು ಬೀಳುತ್ತದೆಂದು ಯಾರೂ ಹೇಳಲಾರರು. ಸಾವಿರ ಸಲ ಚಿಮ್ಮಿದರೆ ಅರ್ಧಕ್ಕರ್ಧ ಎಂದು ಯಾರು ಬೇಕಾದರೂ ಹೇಳಬಹುದು. ನಾನು ಈಗೀಗ ಕ್ಲೈಮೇಟ್ ಬಂದಲ್ಲೆಲ್ಲ ಹಠಕ್ಕೆ ಬಿದ್ದು ‘ವಾಯುಗುಣ’ ಹಾಕುತ್ತೇನೆ. ಅಚ್ಚಾಗಿ ಬರುವಾಗ ಯಾರೋ ಅದನ್ನು ಹವಾಮಾನ ಮಾಡಿರುತ್ತಾರೆ.

ಹೊಟ್ಟೆಕಿಚ್ಚಿನ ವಿಷಯ ಇನ್ನೂ ಸೂಕ್ಷ್ಮ. ಎನ್ವಿ ಮತ್ತು ಜೆಲಸಿ ಎರಡಕ್ಕೂ ನಮ್ಮ ಕೈಗೆ ಮೊದಲು ಬರುವುದು ಇದೇ ಪದ. ತಲೆ ಎಣಿಸಿದರೆ ಬಿಡಿಸುವುದು ಸುಲಭ. ಎನ್ವಿಗೆ ಇಬ್ಬರು ಸಾಕು: ಅವಳ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ಜೆಲಸಿಗೆ ಮೂರನೆಯವರು ಬೇಕು: ನನ್ನದು ಎಂದುಕೊಂಡದ್ದು ಎಲ್ಲಿ ಅವರ ಪಾಲಾಗುತ್ತದೋ ಎಂಬ ಭಯ. ಮೊದಲನೆಯದರಲ್ಲಿ ಇಲ್ಲದ್ದರ ಉರಿ, ಎರಡನೆಯದರಲ್ಲಿ ಇದ್ದದ್ದು ಹೋದೀತೆಂಬ ಕಾವಲು. ತಂಗಿ ಹುಟ್ಟಿದಾಗ ನನ್ನ ಮಗ ಮೂರು ದಿನ ನನ್ನ ಸೆರಗು ಬಿಡಲಿಲ್ಲ, ಅದು ಜೆಲಸಿ. ಈಗ ಅವಳಿಗೆ ಹೋಂವರ್ಕ್ ಇಲ್ಲ ಎಂದು ಉರಿದುಕೊಳ್ಳುತ್ತಾನಲ್ಲ, ಅದು ಎನ್ವಿ. ಇಂಗ್ಲಿಷ್ ಮಾತಾಡುವವರೂ ಈಗ ಎರಡಕ್ಕೂ ಜೆಲಸ್ ಎಂದೇ ಅಂದುಬಿಡುತ್ತಾರೆ, ಹಾಗಾಗಿ ನಾವು ನಾಚಬೇಕಿಲ್ಲ. ಇನ್ನೊಂದು ವಿಷಯ, ಜೆಲಸ್ ಮತ್ತು ಉತ್ಸಾಹದ ಜೆಲಸ್ (ಇಂಗ್ಲಿಷಿನ ಕೊನೆಯ ಅಕ್ಷರ ಮೊದಲಿಗೆ ಬರುವುದು) ಒಂದೇ ಗ್ರೀಕ್ ಬೇರಿನವು. ಕನ್ನಡ ಲಿಪಿ ಇಲ್ಲೂ ಕೈಕೊಟ್ಟಿತು.

ಡಿಸ್‌ಇಂಟರೆಸ್ಟೆಡ್ ಬಗ್ಗೆ ಎರಡೇ ಮಾತು. ಡಿಸ್‌ಇಂಟರೆಸ್ಟೆಡ್ ನ್ಯಾಯಾಧೀಶರು ಎಂದರೆ ಮೊಕದ್ದಮೆಯಲ್ಲಿ ಸ್ವಂತ ಲಾಭನಷ್ಟ ಇಲ್ಲದವರು, ಅಂಥವರೇ ಬೇಕು. ಅನ್‌ಇಂಟರೆಸ್ಟೆಡ್ ನ್ಯಾಯಾಧೀಶರು ಎಂದರೆ ವಾದ ಕೇಳುತ್ತ ಆಕಳಿಸುವವರು. ಯಂತ್ರದ ಅನುವಾದವೊಂದು ಮೊದಲನೆಯವರನ್ನು ‘ಆಸಕ್ತಿಯಿಲ್ಲದ ನ್ಯಾಯಾಧೀಶರು’ ಮಾಡಿದ್ದನ್ನು ನಾನೇ ತಿದ್ದಿದ್ದೇನೆ. ಈ ವ್ಯತ್ಯಾಸ ಗೊತ್ತಿಲ್ಲದವರನ್ನು ಕಂಡರೆ ಕೆಲವು ವ್ಯಾಕರಣ ಪೊಲೀಸರಿಗೆ ಮೈ ಉರಿಯುತ್ತದೆ. ಅವರಿಗೆ ಯಾರಾದರೂ ಹೇಳಿ: 17ನೇ ಶತಮಾನದಲ್ಲಿ ಇವು ಹೊಸದಾಗಿ ಬಂದಾಗ ಅರ್ಥ ತಿರುಗಾಮುರುಗಾ ಇತ್ತು. ಡಿಸ್ ಇದ್ದದ್ದು ಆಸಕ್ತಿ ಇಲ್ಲದ್ದಕ್ಕೆ, ಅನ್ ಇದ್ದದ್ದು ಪಕ್ಷಪಾತ ಇಲ್ಲದ್ದಕ್ಕೆ. ಫ್ಯೂಯರ್, ಲೆಸ್ ಕಥೆಯೂ ಅಷ್ಟೇ. ಎಣಿಸುವಂಥದ್ದಕ್ಕೆ ಫ್ಯೂಯರ್, ಅಳೆಯುವಂಥದ್ದಕ್ಕೆ ಲೆಸ್ ಎನ್ನುವ ಕಟ್ಟಳೆ 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ‘ನನಗೆ ಹೀಗಿದ್ದರೆ ಚೆಂದ’ ಎಂಬ ಧಾಟಿಯಲ್ಲಿ ಬರೆದ ಟಿಪ್ಪಣಿಯಿಂದ ಬೆಳೆದದ್ದು. ಅದಕ್ಕೂ ಎಷ್ಟೋ ಶತಮಾನ ಮೊದಲಿಂದ ಜನ ಎಣಿಸುವಂಥದ್ದಕ್ಕೂ ಲೆಸ್ ಅನ್ನುತ್ತಿದ್ದರು. ನಾವು ಎರಡಕ್ಕೂ ‘ಕಡಿಮೆ’ ಎಂದು ಹಾಯಾಗಿದ್ದೇವೆ.

ನಿನ್ನೆ ಸಂಜೆ ಇದನ್ನು ಬರೆಯುತ್ತ ಕೂತಿದ್ದಾಗ ಮಗ ಪೆನ್ಸಿಲ್ ಹಿಡಿದುಕೊಂಡು ಬಂದ.

“ಅಮ್ಮ, ಬ್ರೇಕ್ ಆಯ್ತು.”

“ಮೊನೆ ಮುರೀತು ಅನ್ನು.”

“ಗ್ಲಾಸ್ ಬ್ರೇಕ್ ಆದ್ರೆ?”

“ಒಡೀತು. ಗ್ಲಾಸ್ ಮುರಿಯಲ್ಲ.”

“ದಾರ?”

“ಹರೀತು.”

ಅವನಿಗೆ ಆಟ ಸಿಕ್ಕಿತು. ನಿದ್ದೆ ಬ್ರೇಕ್ ಆದರೆ? ಕೆಟ್ಟಿತು. ಕೊಟ್ಟ ಮಾತು ಬ್ರೇಕ್ ಆದರೆ? ತಪ್ಪಿತು. ಸ್ವಲ್ಪ ಹೊತ್ತು ಬೆರಳು ಮಡಚಿ ಎಣಿಸಿದ. “ಅವರ ಒಂದಕ್ಕೆ ನಮ್ಮದು ಐದು. ಇದನ್ನ ಟೆಸ್ಟಲ್ಲಿ ಕೊಟ್ರೆ ಇಂಗ್ಲಿಷ್‌ನೋರಿಗೆ ಅರ್ಧ ಮಾರ್ಕ್ ಕೂಡ ಬರಲ್ಲ.” ಅರ್ಧ ಮಾರ್ಕಿನ ಗಾಯ ಇನ್ನೂ ಮಾಗಿಲ್ಲ ಎಂದು ಆಗ ಗೊತ್ತಾಯಿತು.

“ಡೇ ಬ್ರೇಕ್ ಆದ್ರೆ?” ಎಂದ.

“ಬೆಳಕು ಹರೀತು.”

ಪೆನ್ಸಿಲ್ ಚೂಪು ಮಾಡುತ್ತಿದ್ದವನು ಕೈ ನಿಲ್ಲಿಸಿದ.

“ದಾರ ಹರಿಯೋ ಹಾಗಾ ಅಮ್ಮ, ನೀರು ಹರಿಯೋ ಹಾಗಾ?”